ಮೂರು ಸಲ ಗರ್ಭ ನಿಲ್ಲಲಿಲ್ಲ, ಗಂಡನ ರಿಪೋರ್ಟ್ ಮಾತ್ರ ‘ನಾರ್ಮಲ್’

ಪ್ರಶ್ನೆ: ನನಗೆ 30 ವರ್ಷ, ನಮ್ಮ ಯಜಮಾನರಿಗೆ 38. ಮೂರು ಸಲ ಬಸಿರಾದೆ. ಮೂರೂ ಸಲ ಏಳರಿಂದ ಒಂಬತ್ತು ವಾರದೊಳಗೆ ಹೋಯ್ತು. ಎರಡು ಸಲ ಹಾರ್ಟ್‌ಬೀಟ್ ಬಂದು ಆಮೇಲೆ ನಿಂತಿತು. ಥೈರಾಯ್ಡ್, ಶುಗರ್, ಗರ್ಭಕೋಶದ ಸ್ಕ್ಯಾನ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಎಲ್ಲ ಆಗಿದೆ, ಎಲ್ಲವೂ ಸರಿ ಇದೆಯಂತೆ. ಅವರದು ಬೇಕರಿ. ಬೆಳಗಿನ ಜಾವ ಓವನ್ ಮುಂದೆ ನಿಂತರೆ ಹತ್ತು ಗಂಟೆವರೆಗೂ ಅಲ್ಲೇ. ದಿನಕ್ಕೆ ಎಂಟು ಹತ್ತು ಸಿಗರೇಟ್ ಸೇದುತ್ತಾರೆ. ಹೊಟ್ಟೆ ಬಂದಿದೆ, ಬಿಪಿ ಮಾತ್ರೆ ಶುರುವಾಗಿದೆ. ವೀರ್ಯ ಪರೀಕ್ಷೆ ಒಂದು ಸಲ ಆಗಿತ್ತು, ಕೌಂಟ್ 6 ಕೋಟಿ, ನಾರ್ಮಲ್ ಅಂತ ಬಂತು. ‘ಬಸಿರು ಮಾಡೋದು ನನ್ನ ಕೆಲಸ, ಅದು ಆಗ್ತಿದೆ. ಉಳಿಸ್ಕೊಳ್ಳೋದು ನಿನ್ನ ಮೈ’ ಅಂತಾರೆ. ಅತ್ತೆಯದೂ ಅದೇ ಮಾತು. ಗಂಡಸಿನ ಕಡೆಯಿಂದಲೂ ಹೀಗೆ ಆಗುತ್ತಾ? ಒಬ್ಬ ಡಾಕ್ಟರು, ಗಂಡನ ಬಿಳಿ ರಕ್ತಕಣ ತೆಗೆದು ನಿಮಗೆ ಇಂಜೆಕ್ಷನ್ ಕೊಡುತ್ತೇವೆ ಅಂದಿದ್ದಾರೆ. ಮಾಡಿಸಬಹುದಾ?

ಉತ್ತರ: ಆಗುತ್ತದೆ. ಗಂಡಸಿನ ಕಡೆಯ ಕಾರಣಕ್ಕೂ ಗರ್ಭ ಹೋಗಬಹುದು. ಈ ಮಾತನ್ನು ಯಜಮಾನರಿಗೂ ಓದಿ ಹೇಳಿ, ಸಾಧ್ಯವಾದರೆ ಅತ್ತೆಗೂ. ಹಾಗಂತ ನಿಮ್ಮ ವಿಷಯದಲ್ಲಿ ಅವರಿಂದಲೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ಅದನ್ನು ಯಾರೂ ಹೇಳಲಾರರು. ಎಲ್ಲ ಪರೀಕ್ಷೆ ಮುಗಿದ ಮೇಲೂ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ‘ಇದೇ ಕಾರಣ’ ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಆದರೆ ಎಲ್ಲ ಹುಡುಕಿ ಸಿಗದೇ ಇರುವುದು ಬೇರೆ, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಹುಡುಕಿ ‘ಕಾರಣ ಗೊತ್ತಿಲ್ಲ’ ಅಂತ ಫೈಲ್ ಮುಚ್ಚುವುದು ಬೇರೆ.

ನಮ್ಮ ಕಡೆ ನಡೆಯುವುದು ಎರಡನೆಯದೇ. ಪದೇ ಪದೇ ಗರ್ಭ ಹೋಗುತ್ತಿದೆ ಅಂತ ಬರುವ ದಂಪತಿಗಳ ಕೈಯಲ್ಲಿರುವ ಫೈಲ್ ನೋಡಿದರೆ ಸಾಕು, ಕತೆ ಗೊತ್ತಾಗುತ್ತದೆ. ಹೆಂಡತಿಯ ಫೈಲ್ ದಪ್ಪಗಿರುತ್ತದೆ. ಸ್ಕ್ಯಾನ್ ಫೋಟೋಗಳು, ರಕ್ತ ಪರೀಕ್ಷೆಗಳು, ಡಿ ಅಂಡ್ ಸಿ ಅಂದರೆ ಗರ್ಭಕೋಶ ಸ್ವಚ್ಛ ಮಾಡಿದ ಡಿಸ್ಚಾರ್ಜ್ ಕಾಗದ, ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಎಕೋಸ್ಪ್ರಿನ್ ಚೀಟಿ, ಹೆಪಾರಿನ್ ಚೀಟಿ. ಗಂಡನದು ಅದರೊಳಗೆ ಎಲ್ಲೋ ಸಿಕ್ಕಿಕೊಂಡಿರುವ ಒಂದೇ ಹಾಳೆ. ಅದೂ ಎರಡು ಮೂರು ವರ್ಷ ಹಳೆಯದು. ಅದರ ಕೆಳಗೆ ‘ನಾರ್ಮಲ್’ ಅಂತ ಬರೆದಿರುತ್ತದೆ. ಅಲ್ಲಿಗೆ ಅವರ ವಿಚಾರಣೆ ಮುಗಿಯಿತು. ಬಹಳಷ್ಟು ಸಲ ಆ ಗಂಡಸನ್ನು ಯಾವ ಡಾಕ್ಟರೂ ಮುಟ್ಟಿ ಪರೀಕ್ಷೆ ಮಾಡಿರುವುದೇ ಇಲ್ಲ.

ಆ ‘ನಾರ್ಮಲ್’ ಏನು ಹೇಳುತ್ತದೆ ಅಂತ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಒಂದು ಮಿಲಿಲೀಟರ್ ವೀರ್ಯದಲ್ಲಿ ಕನಿಷ್ಠ 1.6 ಕೋಟಿ ವೀರ್ಯಾಣು ಇರಬೇಕು, ಶೇ 42ರಷ್ಟಾದರೂ ಅಲುಗಾಡುತ್ತಿರಬೇಕು, ಶೇ 4ರಷ್ಟರ ಆಕಾರ ಸರಿಯಿರಬೇಕು. ನಿಮ್ಮವರದು 6 ಕೋಟಿ. ಒಳ್ಳೆಯದೇ. ಆದರೆ ಈ ಪರೀಕ್ಷೆ ನೋಡುವುದು ಎಷ್ಟಿವೆ, ಈಜುತ್ತಿವೆಯಾ, ತಲೆ ಬಾಲ ಸರಿಯಿದೆಯಾ ಅನ್ನುವುದನ್ನು ಮಾತ್ರ. ತಲೆಯೊಳಗೆ ಇರುವ ಸರಕಿನ ವಿಚಾರ ಅದಕ್ಕೆ ಗೊತ್ತಿಲ್ಲ. ಯಜಮಾನರಿಗೆ ಅವರ ಭಾಷೆಯಲ್ಲೇ ಹೇಳಬೇಕು ಅಂದರೆ, ಬ್ರೆಡ್ ಪ್ಯಾಕೆಟ್ ಎಷ್ಟಿವೆ ಅಂತ ಎಣಿಸಿ, ಮೇಲಿನ ಕವರ್ ನೋಡಿ, ಒಳಗೆ ಬೂಸ್ಟು ಹಿಡಿದಿದೆಯಾ ಅಂತ ನೋಡದೆ ಕಳಿಸಿದ ಹಾಗೆ. ಗರ್ಭ ಕಟ್ಟುತ್ತದಾ ಅನ್ನುವ ಪ್ರಶ್ನೆಗೆ ಈ ರಿಪೋರ್ಟ್ ಸ್ವಲ್ಪ ಮಟ್ಟಿಗೆ ಉತ್ತರ ಕೊಡುತ್ತದೆ. ಕಟ್ಟಿದ ಗರ್ಭ ನಿಲ್ಲುತ್ತದಾ ಅನ್ನುವುದಕ್ಕೆ ಅದರಲ್ಲಿ ಉತ್ತರವೇ ಇಲ್ಲ.

ಈಗ ‘ಉಳಿಸ್ಕೊಳ್ಳೋದು ನಿನ್ನ ಮೈ’ ಅನ್ನುವ ಮಾತಿಗೆ ಬರೋಣ. ಸುಮ್ನೆ ಕೋಪಕ್ಕೆ ಹೇಳುತ್ತಿಲ್ಲ, ಆ ಮಾತು ವಿಜ್ಞಾನದ ಪ್ರಕಾರವೇ ತಪ್ಪು. ಭ್ರೂಣದ 46 ಕ್ರೋಮೋಸೋಮ್‌ಗಳಲ್ಲಿ 23 ಅಪ್ಪನದು, ಇದು ಎಲ್ಲರಿಗೂ ಗೊತ್ತು. ಮೊದಲ ಎರಡು ಮೂರು ದಿನ ಭ್ರೂಣ ಬೆಳೆಯುವುದು ತಾಯಿಯ ಅಂಡಾಣುವಿನಲ್ಲಿ ಕೂಡಿಟ್ಟ ದಾಸ್ತಾನಿನಿಂದ. ನಾಲ್ಕರಿಂದ ಎಂಟು ಕೋಶದ ಹಂತಕ್ಕೆ ಬಂದಾಗ ಭ್ರೂಣದ ಸ್ವಂತ ಜೀನ್‌ಗಳು ಕೆಲಸ ಶುರು ಮಾಡುತ್ತವೆ, ಅಪ್ಪನ ಪಾಲೂ ಆಗ ಆನ್ ಆಗುತ್ತದೆ. ಅದರಲ್ಲಿ ಪೆಟ್ಟು ಬಿದ್ದಿದ್ದರೆ ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ಅಂದರೆ ಗರ್ಭ ಕಟ್ಟುತ್ತದೆ, ಟೆಸ್ಟ್ ಪಾಸಿಟಿವ್ ಬರುತ್ತದೆ, ಕೆಲವು ವಾರ ಬೆಳೆಯುತ್ತದೆ, ಆಮೇಲೆ ನಿಲ್ಲುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಬಹಳ ಕುತೂಹಲದ್ದು. ಮಗುವಿಗೆ ಊಟ ಉಸಿರು ಕೊಡುವುದು ಮಾಸು. ಆ ಮಾಸು ಚೆನ್ನಾಗಿ ಬೆಳೆಯಬೇಕಾದರೆ ಅಪ್ಪನ ಕಡೆಯಿಂದ ಬಂದ ಕೆಲವು ಜೀನ್‌ಗಳು ಕೆಲಸ ಮಾಡಲೇಬೇಕು, ತಾಯಿ ಕಡೆಯ ಪ್ರತಿ ಇದ್ದರೂ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಇದು ಗೊತ್ತಾಗಿದ್ದು 1984ರಲ್ಲಿ. ಕೇಂಬ್ರಿಜ್‌ನಲ್ಲಿ ಒಂದು ತಂಡ, ಫಿಲಡೆಲ್ಫಿಯಾದಲ್ಲಿ ಇನ್ನೊಂದು ತಂಡ, ಎರಡೂ ಕಡೆ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಎರಡೂ ಪಾಲು ತಾಯಿಯದೇ ಇರುವ ಭ್ರೂಣ ಮಾಡಿದರೆ ಮರಿಯ ದೇಹ ಒಂದಿಷ್ಟು ಬೆಳೆಯಿತು, ಮಾಸು ಬೆಳೆಯಲಿಲ್ಲ. ಎರಡೂ ಪಾಲು ಅಪ್ಪನದೇ ಇದ್ದರೆ ಉಲ್ಟಾ, ಮಾಸಿನ ಭಾಗ ಬೆಳೆಯಿತು, ಮರಿ ಬೆಳೆಯಲಿಲ್ಲ. ಮನುಷ್ಯರಲ್ಲೂ ಇದಕ್ಕೆ ಉದಾಹರಣೆ ಇದೆ. ಮೋಲಾರ್ ಪ್ರೆಗ್ನೆನ್ಸಿ ಅಂತ ಕೇಳಿರುತ್ತೀರಿ, ಮಗುವೇ ಇಲ್ಲದೆ ನೀರುಗುಳ್ಳೆಗಳು ತುಂಬಿಕೊಳ್ಳುವ ಗರ್ಭ. ಅದರ ಪೂರ್ಣ ರೂಪದಲ್ಲಿ ಸಾಮಾನ್ಯವಾಗಿ ಎಲ್ಲ ಕ್ರೋಮೋಸೋಮ್ ಅಪ್ಪನದೇ ಆಗಿರುತ್ತದೆ. ಹಾಗಾಗಿ ಗರ್ಭ ಉಳಿಸಿಕೊಳ್ಳುವುದು ಬರೀ ಹೆಣ್ಣಿನ ಮೈ ಕೆಲಸ ಅಲ್ಲ, ಆ ಕೆಲಸ ಮಾಡುವ ಅಂಗ ಕಟ್ಟುವುದರಲ್ಲೇ ಗಂಡಿನ ಪಾಲು ದೊಡ್ಡದಿದೆ. ಮುಂಬೈನಲ್ಲಿರುವ ಐಸಿಎಂಆರ್‌ನ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯವರು ಪದೇ ಪದೇ ಗರ್ಭಪಾತವಾದ ದಂಪತಿಗಳಲ್ಲಿ ಗಂಡಂದಿರ ವೀರ್ಯಾಣು ತೆಗೆದು ಇಂಥ ಜೀನ್‌ಗಳ ಮೇಲಿನ ರಾಸಾಯನಿಕ ಗುರುತುಗಳನ್ನು ನೋಡಿದ್ದಾರೆ, ಕೆಲವು ಕಡೆ ವ್ಯತ್ಯಾಸ ಸಿಕ್ಕಿದೆ. ಅದು ಇನ್ನೂ ಸಂಶೋಧನೆ. ಲ್ಯಾಬ್‌ಗೆ ಹೋಗಿ ಮಾಡಿಸುವ ಪರೀಕ್ಷೆ ಅಂತ ಯಾರಾದರೂ ಮಾರಲು ಬಂದರೆ ಈಗಲೇ ದುಡ್ಡು ಕೊಡಬೇಡಿ.

ಹಾಗಾದರೆ ಯಾವ ಪರೀಕ್ಷೆ ಬೇಕು? ಮೊದಲನೆಯದು ಇಬ್ಬರ ಕ್ರೋಮೋಸೋಮ್ ಪರೀಕ್ಷೆ, ಕ್ಯಾರಿಯೋಟೈಪ್ ಅನ್ನುತ್ತಾರೆ. ಬರೀ ರಕ್ತ ಕೊಟ್ಟರೆ ಸಾಕು. ಜೀವನದಲ್ಲಿ ಒಂದೇ ಸಲ ಮಾಡಿಸಿದರೆ ಮುಗಿಯಿತು, ಖರ್ಚು ಒಬ್ಬರಿಗೆ ಕೆಲವು ಸಾವಿರ ರೂಪಾಯಿ. ಪದೇ ಪದೇ ಗರ್ಭ ಹೋಗುವ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ ಗಂಡ ಅಥವಾ ಹೆಂಡತಿಯ ಕ್ರೋಮೋಸೋಮ್ ಜಾಗ ಅದಲುಬದಲಾಗಿರುತ್ತದೆ. ಉದಾಹರಣೆಗೆ 13ನೆಯದು ಮತ್ತು 14ನೆಯದು ಒಂದಕ್ಕೊಂದು ಅಂಟಿಕೊಂಡಿರಬಹುದು, ಆಗ ಲೆಕ್ಕಕ್ಕೆ 46ರ ಬದಲು 45 ಬರುತ್ತದೆ. ಅವರ ಮೈಯಲ್ಲಿ ಸರಕು ಎಲ್ಲವೂ ಪೂರ್ತಿ ಇರುತ್ತದೆ, ಹಾಗಾಗಿ ಅವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಆಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಕೌಂಟ್ ಕೂಡ ಎಷ್ಟೋ ಸಲ ಚೆನ್ನಾಗಿರುತ್ತದೆ. ತೊಂದರೆ ಬರುವುದು ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ. ಹಂಚಿಕೆ ಸರಿಯಾಗದೆ ಕೆಲವಕ್ಕೆ ಒಂದು ತುಂಡು ಜಾಸ್ತಿ, ಕೆಲವಕ್ಕೆ ಕಡಿಮೆ ಹೋಗುತ್ತದೆ. ಅಂಥದ್ದರಿಂದ ಕಟ್ಟಿದ ಗರ್ಭ ಬಹುಪಾಲು ನಿಲ್ಲುವುದಿಲ್ಲ.

ಇದು ಸಿಕ್ಕಿತು ಅಂದ ತಕ್ಷಣ ಹಲವು ಕಡೆ ‘ಐವಿಎಫ್ ಮಾಡಿ ಭ್ರೂಣ ಪರೀಕ್ಷೆ ಮಾಡೋಣ’ ಅಂತ ಲಕ್ಷಗಟ್ಟಲೆ ಲೆಕ್ಕ ಹೇಳುತ್ತಾರೆ. ಕೆಲವರಿಗೆ ಅದು ಬೇಕಾಗಬಹುದು. ಆದರೆ ನೆದರ್‌ಲ್ಯಾಂಡ್ಸ್‌ನವರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಇಂಥ ಅದಲುಬದಲು ಇದ್ದ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಶೇ 83ರಷ್ಟು ಮಂದಿಗೆ ಕನಿಷ್ಠ ಒಂದು ಆರೋಗ್ಯವಂತ ಮಗು ಆಗಿತ್ತು. ಕ್ರೋಮೋಸೋಮ್ ಸರಿಯಿದ್ದ ದಂಪತಿಗಳಲ್ಲಿ ಅದು ಶೇ 84. ಮಧ್ಯೆ ಗರ್ಭಪಾತ ಜಾಸ್ತಿ ಆಯಿತು, ನಿಜ, ಅದು ಸಣ್ಣ ನೋವಲ್ಲ. ಆದರೂ ಮಗುವೇ ಆಗುವುದಿಲ್ಲ ಅನ್ನುವ ಮಾತು ಸುಳ್ಳು. ಅಂಥ ರಿಪೋರ್ಟ್ ಬಂದರೆ ಮೊದಲು ಜೆನೆಟಿಕ್ ಕೌನ್ಸೆಲರ್ (ವಂಶವಾಹಿ ವಿಷಯದಲ್ಲಿ ಸಲಹೆ ಕೊಡುವವರು) ಹತ್ತಿರ ಕೂತು ಮಾತಾಡಿ, ಆಮೇಲೆ ತೀರ್ಮಾನ ಮಾಡಿ.

ಎರಡನೆಯದು ವೀರ್ಯಾಣುವಿನ ಡಿಎನ್‌ಎ ಎಷ್ಟು ತುಂಡಾಗಿದೆ ಅನ್ನುವ ಪರೀಕ್ಷೆ. ರಿಪೋರ್ಟಿನಲ್ಲಿ ಡಿಎಫ್‌ಐ ಅಂತ ಬರೆದಿರುತ್ತದೆ. ನಿಮ್ಮ ಯಜಮಾನರ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು ಇದರ ಮೇಲೆ. ಯಾಕೆ ಅಂದರೆ ವೀರ್ಯಾಣು ಮೈಯಲ್ಲಿರುವ ಅತಿ ಬಡಪಾಯಿ ಕೋಶ. ಈಜಲು ಹಗುರಾಗಬೇಕು ಅಂತ ಅದು ಹೆಚ್ಚುಕಡಿಮೆ ಎಲ್ಲವನ್ನೂ ಬಿಸಾಕಿ ಬಂದಿರುತ್ತದೆ, ಕೆಟ್ಟದ್ದನ್ನು ರಿಪೇರಿ ಮಾಡಿಕೊಳ್ಳುವ ಸಾಮಾನು ಕೂಡ ಉಳಿದಿರುವುದಿಲ್ಲ. ಹೊಗೆ, ಬಿಸಿ, ಸೋಂಕು, ಬೊಜ್ಜು ಇವುಗಳಿಂದ ವೀರ್ಯದಲ್ಲಿ ಚುರುಕಾದ ಆಮ್ಲಜನಕದ ಕಣಗಳು ಜಾಸ್ತಿಯಾದರೆ ಡಿಎನ್‌ಎ ಎಳೆ ಅಲ್ಲಲ್ಲಿ ತುಂಡಾಗುತ್ತದೆ. ಒಳಗೆ ತುಂಡಾಗಿದ್ದರೂ ಹೊರಗಿನಿಂದ ಅದು ಆರಾಮಾಗಿ ಈಜುತ್ತಿರುತ್ತದೆ, ಅಂಡಾಣುವನ್ನೂ ಸೇರುತ್ತದೆ. ಅಂಡಾಣುವಿಗೆ ಈ ತುಂಡುಗಳನ್ನು ಹೊಲಿದುಕೊಳ್ಳುವ ಶಕ್ತಿ ಇದೆ, ಆದರೆ ಒಂದು ಮಿತಿವರೆಗೆ. ಹೆಂಡತಿ ಚಿಕ್ಕವಯಸ್ಸಿನವರಾದರೆ ಆ ಶಕ್ತಿ ಜಾಸ್ತಿ, ನಲವತ್ತರ ಹತ್ತಿರ ಬಂದಾಗ ಕಡಿಮೆ.

2012ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಡಿಎನ್‌ಎ ಹಾನಿ ಜಾಸ್ತಿ ಇರುವ ಗಂಡಸರ ಸಂಗಾತಿಗಳಲ್ಲಿ ಗರ್ಭಪಾತದ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪದೇ ಪದೇ ಗರ್ಭಪಾತವಾದ ಹೆಂಗಸರ 50 ಗಂಡಂದಿರನ್ನು ಬೇರೆ ಗಂಡಸರ ಜೊತೆ ಹೋಲಿಸಿದರು. ಇವರ ವೀರ್ಯಾಣುಗಳಲ್ಲಿ ಡಿಎನ್‌ಎ ಹಾನಿ ಎರಡು ಪಟ್ಟು, ವೀರ್ಯದಲ್ಲಿ ಆ ಚುರುಕು ಆಮ್ಲಜನಕ ಕಣಗಳು ನಾಲ್ಕು ಪಟ್ಟು ಇತ್ತು. ಸಣ್ಣ ಅಧ್ಯಯನ, ಮತ್ತು ಆ ಗಂಡಂದಿರು ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ತೂಕವೂ ಸ್ವಲ್ಪ ಜಾಸ್ತಿ. ಇದನ್ನೂ ಹೇಳಲೇಬೇಕು, ಇಲ್ಲಾಂದ್ರೆ ಅರ್ಧ ಸತ್ಯ ಹೇಳಿದ ಹಾಗೆ ಆಗುತ್ತದೆ. ಅಮೆರಿಕದ ಯೂರಾಲಜಿ ಮತ್ತು ಸಂತಾನ ವೈದ್ಯರ ಸಂಘಗಳು 2020ರ ಮಾರ್ಗಸೂಚಿಯಲ್ಲಿ, ಪದೇ ಪದೇ ಗರ್ಭಪಾತವಾದರೆ ಗಂಡನಿಗೆ ಕ್ಯಾರಿಯೋಟೈಪ್ ಮತ್ತು ಡಿಎನ್‌ಎ ಪರೀಕ್ಷೆ ಎರಡನ್ನೂ ಮಾಡಿ ಅಂದವು. ಯುರೋಪಿನವರು ಇನ್ನೂ ‘ಮಾಡಬಹುದು’ ಅನ್ನುವ ಮೆಲ್ಲನೆಯ ಮಾತಿನಲ್ಲೇ ಇದ್ದಾರೆ. ಮೂರು ಗರ್ಭ ಕಳೆದುಕೊಂಡವರಿಗೆ ಮಾಡಿಸಲೇಬೇಕು ಅನ್ನುವ ಕಡೆ ನಾನು.

ಈ ಪರೀಕ್ಷೆಗೆ ಹೋಗುವಾಗ ಒಂದೆರಡು ವಿಷಯ ಗಮನಿಸಿ. ವೀರ್ಯಾಣು ವೃಷಣದಿಂದ ಹೊರಬಂದ ಮೇಲೆ ನಾಳದಲ್ಲಿ ಕಾಯುತ್ತಾ ಕೂತಷ್ಟೂ ಹಾಳಾಗುತ್ತದೆ. ಹತ್ತು ದಿನ ಬಿಟ್ಟು ಸ್ಯಾಂಪಲ್ ಕೊಟ್ಟರೆ ಡಿಎಫ್‌ಐ ಸುಮ್ನೆ ಜಾಸ್ತಿ ಬರುತ್ತದೆ. ಎರಡು ಮೂರು ದಿನ ಬಿಟ್ಟು ಕೊಡಿ, ಅದನ್ನು ರಿಪೋರ್ಟಿನಲ್ಲಿ ಬರೆಸಿ. ಹಿಂದಿನ ಮೂರು ತಿಂಗಳಲ್ಲಿ ಡೆಂಗಿ, ಟೈಫಾಯ್ಡ್ ಥರದ ಜೋರು ಜ್ವರ ಬಂದಿದ್ದರೆ ಆಗ ಮಾಡಿಸಬೇಡಿ. ಹೊಸ ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಬೇಕು, ಜ್ವರದ ಪೆಟ್ಟು ಅಷ್ಟು ದಿನ ಕಾಣಿಸುತ್ತದೆ. ಪರೀಕ್ಷೆಯ ವಿಧಾನಗಳು ನಾಲ್ಕೈದು ಇವೆ, ಒಂದರ ಅಂಕೆ ಇನ್ನೊಂದಕ್ಕೆ ಹೊಂದುವುದಿಲ್ಲ. ಎಸ್‌ಸಿಎಸ್‌ಎ ವಿಧಾನದಲ್ಲಾದರೆ 15ರೊಳಗೆ ಇದ್ದರೆ ಚೆನ್ನ, 30 ದಾಟಿದರೆ ಜಾಸ್ತಿ ಅಂತ ಲೆಕ್ಕ. ಎರಡನೇ ಸಲವೂ ಅದೇ ಲ್ಯಾಬಿನಲ್ಲಿ ಮಾಡಿಸಿ.

ಇದರ ಜೊತೆಗೆ ಅವರನ್ನು ಒಬ್ಬ ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆ ನೋಡುವ ಡಾಕ್ಟರು) ಅಥವಾ ಯೂರಾಲಜಿಸ್ಟ್ ನಿಲ್ಲಿಸಿ, ಮುಟ್ಟಿ ನೋಡಬೇಕು. ಎಡಗಡೆಯ ಬೀಜದ ಮೇಲೆ ರಕ್ತನಾಳ ಉಬ್ಬಿಕೊಂಡಿದೆಯಾ ಅಂತ. ವೇರಿಕೋಸೀಲ್ ಅನ್ನುವುದು ಇದನ್ನೇ. ನೂರು ಗಂಡಸರಲ್ಲಿ ಹದಿನೈದು ಜನರಿಗೆ ಇರುತ್ತದೆ, ಬಹಳ ಜನಕ್ಕೆ ಏನೂ ತೊಂದರೆ ಮಾಡುವುದಿಲ್ಲ. ಆದರೆ ಕೈಗೆ ಸಿಗುವಷ್ಟು ದೊಡ್ಡದಿದ್ದು, ಡಿಎಫ್‌ಐ ಕೂಡ ಜಾಸ್ತಿ ಇದ್ದರೆ ಸರ್ಜರಿ ಮಾಡಿದಾಗ ಡಿಎಫ್‌ಐ ಇಳಿಯುತ್ತದೆ. ಗರ್ಭಪಾತ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆಯಾದರೂ ಅದು ಸಣ್ಣ ಅಧ್ಯಯನಗಳದ್ದು. ಸ್ಕ್ಯಾನಿನಲ್ಲಿ ಮಾತ್ರ ಕಾಣುವ ಪುಟ್ಟ ವೇರಿಕೋಸೀಲ್‌ಗೆ ಆಪರೇಷನ್ ಬೇಡ.

ಈಗ ಓವನ್ ವಿಷಯ. ಬೀಜಗಳು ಮೈಯಿಂದ ಹೊರಗೆ ನೇತಾಡುವುದಕ್ಕೆ ಕಾರಣವೇ ಅವಕ್ಕೆ ಮೈಯಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕು ಅನ್ನುವುದು. ದಿನಾ ಐದಾರು ಗಂಟೆ ಓವನ್ ಬಾಯಿಯ ಮುಂದೆ, ಸೊಂಟದ ಎತ್ತರಕ್ಕೇ ಬಿಸಿ ಹೊಡೆಯುತ್ತಾ ನಿಂತರೆ ಆ ತಂಪು ಉಳಿಯುವುದಿಲ್ಲ. ಹೋಟೆಲಿನ ಒಲೆ ಮುಂದೆ ನಿಲ್ಲುವ ಭಟ್ಟರು, ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರು, ಇಂಜಿನ್ ಬಿಸಿ ಮೇಲೆ ಕೂತು ಗಾಡಿ ಓಡಿಸುವ ಲಾರಿ ಡ್ರೈವರ್‌ಗಳು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ಸಾಫ್ಟ್‌ವೇರ್‌ನವರು, ಎಲ್ಲರದೂ ಇದೇ ಕತೆ. ಬಿಸಿಯಿಂದಲೇ ಗರ್ಭ ಹೋಯ್ತು ಅಂತ ನೇರವಾಗಿ ತೋರಿಸಿದ ದೊಡ್ಡ ಅಧ್ಯಯನ ಇಲ್ಲ, ಆದರೆ ಬಿಸಿ ವೀರ್ಯಾಣುವಿನ ಡಿಎನ್‌ಎ ಹಾಳು ಮಾಡುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಬೇಕರಿ ಮುಚ್ಚಿ ಅಂತ ನಾನು ಹೇಳಲಾರೆ, ಹೊಟ್ಟೆಪಾಡು. ಮೂರು ನಾಲ್ಕು ತಿಂಗಳು ಓವನ್ ಕೆಲಸ ಹುಡುಗರಿಗೆ ಬಿಟ್ಟು ಇವರು ಕೌಂಟರ್ ನೋಡಿಕೊಳ್ಳಬಹುದು ಅಲ್ವಾ? ಅದೂ ಆಗದಿದ್ದರೆ ಟ್ರೇ ಒಳಗಿಟ್ಟ ತಕ್ಷಣ ಅಲ್ಲಿಂದ ದೂರ ಹೋಗಲಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಲಿ, ಬಿಗಿ ಜೀನ್ಸ್ ಬಿಟ್ಟು ಸಡಿಲ ಕಾಟನ್ ಹಾಕಲಿ.

ಸಿಗರೇಟ್ ವಿಷಯದಲ್ಲಿ ಚೌಕಾಸಿ ಬೇಡ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುವ ಗಂಡಸರ ಸಂಗಾತಿಗಳಲ್ಲಿ ಗರ್ಭಪಾತ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ, ಇವರು ಆ ಗೆರೆಯ ಮೇಲೇ ನಿಂತಿದ್ದಾರೆ. ಮನೆಯೊಳಗೆ ಸೇದಿದರೆ ಆ ಹೊಗೆ ನಿಮ್ಮ ಮೈಗೂ ಬರುತ್ತದೆ, ಅಲ್ಲಿಗೆ ಎರಡು ಕಡೆಯಿಂದ ಪೆಟ್ಟು. ಸಿಗರೇಟ್ ಬಿಟ್ಟು ಗುಟ್ಕಾ ಹಿಡಿದರೆ ಪ್ರಯೋಜನ ಇಲ್ಲ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಗಿದೆ ಅನ್ನುತ್ತೀರಿ, ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ.

ಹೊಟ್ಟೆ, ಬಿಪಿ ಇವೂ ಲೆಕ್ಕಕ್ಕೆ ಬರುತ್ತವೆ. ಅಮೆರಿಕದಲ್ಲಿ 2009ರಿಂದ 2016ರವರೆಗಿನ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಗರ್ಭಗಳ ವಿಮಾ ದಾಖಲೆ ತೆಗೆದು ಸ್ಟ್ಯಾನ್‌ಫರ್ಡ್‌ನವರು ನೋಡಿದರು. ಬೊಜ್ಜು, ಬಿಪಿ, ಸಕ್ಕರೆ ಕಾಯಿಲೆ, ರಕ್ತದಲ್ಲಿ ಜಾಸ್ತಿ ಕೊಬ್ಬು ಇವುಗಳಲ್ಲಿ ಮೂರು ಅಥವಾ ಜಾಸ್ತಿ ಇರುವ ಗಂಡಸರ ಸಂಗಾತಿಗಳಲ್ಲಿ ಗರ್ಭ ಹೋಗುವ ಸಾಧ್ಯತೆ ಶೇ 19ರಷ್ಟು ಜಾಸ್ತಿ ಇತ್ತು, ತಾಯಿಯ ವಯಸ್ಸು ಆರೋಗ್ಯ ಎಲ್ಲ ಲೆಕ್ಕ ಹಿಡಿದ ಮೇಲೂ. ವಯಸ್ಸಿಗೂ ಪಾಲಿದೆ. ಅಪ್ಪನಿಗೆ 40 ದಾಟಿದ ಮೇಲೆ ಗರ್ಭಪಾತದ ಸಾಧ್ಯತೆ ಸುಮಾರು ಕಾಲು ಭಾಗ, 45 ದಾಟಿದರೆ ಸುಮಾರು ಶೇ 40ರಷ್ಟು ಜಾಸ್ತಿ ಅಂತ 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಹೇಳಿತು. 38 ಅಂದರೆ ಗಾಬರಿಯಾಗುವ ವಯಸ್ಸಲ್ಲ, ಆದರೆ ಗಂಡಸಿಗೆ ವಯಸ್ಸೇ ಇಲ್ಲ ಅನ್ನುವ ಜಂಬವೂ ಬೇಡ. ಬಿಪಿ ಮಾತ್ರೆ ಸ್ವಂತಕ್ಕೆ ನಿಲ್ಲಿಸಬೇಡಿ. ಬೇರೆ ಏನಾದರೂ ಮಾತ್ರೆ ತಗೊಳ್ಳುತ್ತಿದ್ದರೆ, ಕೂದಲು ಉದುರುವುದಕ್ಕೆ, ನಿದ್ರೆಗೆ, ಮನಸ್ಸಿಗೆ ಅಂತ, ಅದನ್ನೂ ಡಾಕ್ಟರಿಗೆ ಹೇಳಿ. ಜಿಮ್‌ನವರು ಅಥವಾ ಯಾರಾದರೂ ‘ಗಂಡಸುತನಕ್ಕೆ’ ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡಲು ಬಂದರೆ ದೂರ ಓಡಿ. ಅದು ವೀರ್ಯಾಣು ತಯಾರಿಯನ್ನೇ ನಿಲ್ಲಿಸುತ್ತದೆ.

ರೈತರ ಮನೆಯವರೂ ಇದನ್ನು ಓದುತ್ತಿರಬಹುದು, ಅವರಿಗೆ ಒಂದು ಮಾತು. ಆಂಧ್ರದ ಹತ್ತಿ ಹೊಲಗಳಲ್ಲಿ ಕೀಟನಾಶಕ ಹೊಡೆಯುತ್ತಿದ್ದ ಗಂಡಸರ ಕುಟುಂಬಗಳನ್ನು ನೋಡಿದ ಅಧ್ಯಯನ 1991ರಲ್ಲಿ ಬಂತು, ಅವರ ಹೆಂಡತಿಯರಲ್ಲಿ ಗರ್ಭಪಾತ ಬೇರೆಯವರಿಗಿಂತ ಜಾಸ್ತಿ ಇತ್ತು. ವಿಜಯಪುರದ ದ್ರಾಕ್ಷಿ ತೋಟವಾಗಲಿ, ರಾಯಚೂರಿನ ಹತ್ತಿಯಾಗಲಿ, ಬರಿಗೈಯಲ್ಲಿ ಔಷಧಿ ಕಲಸಿ, ಲುಂಗಿ ಬನಿಯನ್ನಿನಲ್ಲಿ ಸ್ಪ್ರೇ ಮಾಡಿ, ಅದೇ ಬಟ್ಟೆ ಹೆಂಡತಿ ಕೈಯಲ್ಲಿ ಒಗೆಸುವುದು ಇವತ್ತಿಗೂ ನಡೆಯುತ್ತಿದೆ. ಮಗು ಬೇಕು ಅನ್ನುವ ಸಮಯದಲ್ಲಾದರೂ ಸ್ಪ್ರೇ ಕೆಲಸ ಬೇರೆಯವರು ನೋಡಿಕೊಳ್ಳಲಿ.

ಇನ್ನು ಬಿಳಿ ರಕ್ತಕಣದ ಇಂಜೆಕ್ಷನ್. ಮಾಡಿಸಬೇಡಿ. ಗಂಡನ ಬಿಳಿ ಕಣ ಹೆಂಡತಿಗೆ ಕೊಟ್ಟರೆ ಅವಳ ಮೈ ಗರ್ಭವನ್ನು ‘ಒಪ್ಪಿಕೊಳ್ಳುತ್ತದೆ’ ಅನ್ನುವುದು ಹಳೆಯ ಊಹೆ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಕೆಲವರಿಗೆ ಈ ಚಿಕಿತ್ಸೆ, ಕೆಲವರಿಗೆ ಬರೀ ಉಪ್ಪುನೀರು ಕೊಟ್ಟು ನೋಡಿದರು. ಲಾಭ ಇಲ್ಲವೇ ಇಲ್ಲ, ಚಿಕಿತ್ಸೆ ಪಡೆದವರಲ್ಲೇ ಗರ್ಭ ಉಳಿದದ್ದು ಕಡಿಮೆ. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಂಶೋಧನೆಗಲ್ಲದೆ ಇದನ್ನು ಮಾಡಕೂಡದು ಅಂದಿತು. ಯುರೋಪಿನ ಮಾರ್ಗಸೂಚಿಯೂ ಬೇಡ ಅನ್ನುತ್ತದೆ. ಇನ್ನೊಬ್ಬರ ರಕ್ತಕಣ ಮೈಗೆ ಹೋಗುತ್ತದೆ ಅಂದರೆ ಸೋಂಕು, ಅಲರ್ಜಿ ಅಪಾಯವೂ ಇದೆ. ನಮ್ಮಲ್ಲಿ ಇದು ಇನ್ನೂ ನಡೆಯುತ್ತಿರುವುದು ನೋಡಿದರೆ ಸಿಟ್ಟು ಬರುತ್ತದೆ.

ಆ ಚುರುಕು ಆಮ್ಲಜನಕ ಕಣಗಳನ್ನು ತಡೆಯಲು ಅಂತ ಗಂಡಸರಿಗೆ ಬರೆದುಕೊಡುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳ ಕತೆಯೂ ಅಷ್ಟೇನು ಚೆನ್ನಾಗಿಲ್ಲ. ತಿಂಗಳಿಗೆ ಸಾವಿರ ಎರಡು ಸಾವಿರ ಖರ್ಚಾಗುತ್ತದೆ. 2020ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಒಂದರಲ್ಲಿ 2,370 ಗಂಡಸರಿಗೆ ಆರು ತಿಂಗಳು ಫೋಲಿಕ್ ಆ್ಯಸಿಡ್ ಮತ್ತು ಜಿಂಕ್ ಅಥವಾ ಡಮ್ಮಿ ಮಾತ್ರೆ ಕೊಟ್ಟರು. ಮಕ್ಕಳಾಗುವುದು ಹೆಚ್ಚಾಗಲಿಲ್ಲ, ಡಿಎನ್‌ಎ ತುಂಡಾಗುವುದು ನಿಜವಾದ ಮಾತ್ರೆ ತಿಂದವರಲ್ಲಿ ಸ್ವಲ್ಪ ಜಾಸ್ತಿಯೇ ಇತ್ತು. ಇನ್ನೊಂದರಲ್ಲಿ ವಿಟಮಿನ್ ಸಿ, ಇ, ಸೆಲೆನಿಯಂ, ಕಾರ್ನಿಟಿನ್ ಎಲ್ಲ ಸೇರಿಸಿ ಕೊಟ್ಟರು, ಡಿಎಫ್‌ಐ ಇಳಿಯಲಿಲ್ಲ. ಇವು ಮಕ್ಕಳಾಗದ ದಂಪತಿಗಳ ಮೇಲೆ ಮಾಡಿದ್ದು, ಗರ್ಭಪಾತದವರ ಮೇಲಲ್ಲ. ಆದರೂ ‘ತಗೊಂಡ್ರೆ ನಷ್ಟ ಏನು’ ಅನ್ನುವವರಿಗೆ ಇದು ಉತ್ತರ. ಹಣ್ಣು, ಸೊಪ್ಪು, ಕಡಲೆಬೀಜ ತಿನ್ನಲಿ.

ಐವಿಎಫ್‌ಗೆ ಹಾರಬೇಡಿ. ನಿಮಗೆ ಗರ್ಭ ಕಟ್ಟುವುದೇ ಕಷ್ಟ ಅಲ್ಲ. ಡಿಎನ್‌ಎ ಚೆನ್ನಾಗಿರುವ ವೀರ್ಯಾಣು ಆರಿಸುತ್ತೇವೆ ಅಂತ ಪಿಕ್ಸಿ ಅನ್ನುವ ವಿಧಾನ ಹೇಳಬಹುದು. ಬ್ರಿಟನ್ನಿನಲ್ಲಿ 2,700ಕ್ಕೂ ಹೆಚ್ಚು ದಂಪತಿಗಳ ಮೇಲೆ ಅದನ್ನು ನೋಡಿ 2019ರಲ್ಲಿ ವರದಿ ಮಾಡಿದರು. ಗರ್ಭಪಾತ ಶೇ 7ರಿಂದ 4ಕ್ಕೆ ಇಳಿಯಿತು, ಮಗು ಹುಟ್ಟುವ ಪ್ರಮಾಣದಲ್ಲಿ ಮಾತ್ರ ಲೆಕ್ಕಕ್ಕೆ ಸಿಗುವ ವ್ಯತ್ಯಾಸ ಬರಲಿಲ್ಲ. ಹೇಗಿದ್ದರೂ ಐವಿಎಫ್ ಮಾಡಿಸಬೇಕಾದವರು ಕೇಳಿ ನೋಡಬಹುದು, ಅದಕ್ಕೋಸ್ಕರವೇ ಐವಿಎಫ್ ಮಾಡಿಸುವುದು ದುಡುಕು.

ನೀವು ಕೇಳಿಲ್ಲ, ಆದರೂ ಎಲ್ಲರೂ ಕೇಳುವುದರಿಂದ ಹೇಳಿಬಿಡುತ್ತೇನೆ. ಗಂಡ ಹೆಂಡತಿಯದು ಒಂದೇ ಬ್ಲಡ್ ಗ್ರೂಪ್ ಆದರೆ ಗರ್ಭ ನಿಲ್ಲುವುದಿಲ್ಲ ಅನ್ನುವುದು ಸುಳ್ಳು. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದರೆ ಸಮಯಕ್ಕೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕು, ಆದರೆ ಏಳೆಂಟು ವಾರದಲ್ಲಿ ಪದೇ ಪದೇ ಹೋಗುವುದಕ್ಕೆ ಸಾಮಾನ್ಯವಾಗಿ ಅದು ಕಾರಣ ಅಲ್ಲ. ಸೋದರ ಸಂಬಂಧದ ಮದುವೆಯಾಗಿದ್ದರೆ ಮಗುವಿಗೆ ಕೆಲವು ವಂಶವಾಹಿ ಕಾಯಿಲೆಗಳ ಅಪಾಯ ಜಾಸ್ತಿ, ಜೆನೆಟಿಕ್ ಕೌನ್ಸೆಲರ್‌ಗೆ ಹೇಳಿ.

ಗಂಡಸಿನ ಮಾತು ಇಷ್ಟು ಆಡಿದೆ ಅಂತ ನಿಮ್ಮ ಕಡೆಯದನ್ನು ಮರೆಯಬೇಡಿ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರೋಮೋಸೋಮ್ ಲೆಕ್ಕ ತಪ್ಪಿದವು, ಅದರಲ್ಲಿ ಬಹುಪಾಲು ತಪ್ಪು ಅಂಡಾಣು ತಯಾರಾಗುವಾಗ ಆಗುವಂಥದ್ದು, ಅದಕ್ಕೆ ಯಾರೂ ಹೊಣೆ ಅಲ್ಲ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಎಪಿಎಸ್ (ಮೈಯ ರೋಗನಿರೋಧಕ ಶಕ್ತಿಯೇ ರಕ್ತ ಹೆಪ್ಪುಗಟ್ಟಿಸುವ ತೊಂದರೆ) ಪತ್ತೆಗೆ ಬೇಕಾದ ಲ್ಯೂಪಸ್ ಆ್ಯಂಟಿಕೋಯಾಗುಲಂಟ್ ಮತ್ತು ಅದರ ಜೊತೆಯ ಎರಡು ಆ್ಯಂಟಿಬಾಡಿ ಸೇರಿವೆಯಾ ಅಂತ ಒಮ್ಮೆ ನೋಡಿ. ಇನ್ನೊಂದು ಸಲ ಹೋದರೆ, ಹೋಗದಿರಲಿ, ತೆಗೆದ ಗರ್ಭದ ಭಾಗವನ್ನು ಬಿಸಾಕಲು ಬಿಡದೆ ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಿ ಅಂತ ಮೊದಲೇ ಡಾಕ್ಟರಿಗೆ ಹೇಳಿ. ಹಿಂದಿನ ಮೂರು ಸಲ ಅದು ಆಗಿದ್ದರೆ ಇಷ್ಟು ಊಹೆ ಮಾಡುವ ಅಗತ್ಯ ಇರುತ್ತಿರಲಿಲ್ಲ. ಬೆಡ್ ರೆಸ್ಟ್‌ನಿಂದ ಗರ್ಭ ಉಳಿಯುವುದಿಲ್ಲ, ಪಪ್ಪಾಯಿ ತಿಂದಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ ಹೋಗಿಯೂ ಇಲ್ಲ.

ಯಜಮಾನರನ್ನು ಒಪ್ಪಿಸುವುದು ಹೇಗೆ? ‘ನಿಮ್ಮಲ್ಲಿ ದೋಷ ಇದೆಯಾ ನೋಡಿಸಿಕೊಳ್ಳಿ’ ಅಂದರೆ ಯಾವ ಗಂಡಸೂ ಬರುವುದಿಲ್ಲ. ‘ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಬರಲು ಹೇಳಿದ್ದಾರೆ’ ಅನ್ನಿ. ಸುಳ್ಳಲ್ಲ, ನಾನೇ ಹೇಳುತ್ತಿದ್ದೇನೆ. ಆ ಮೂರು ಗರ್ಭಗಳೂ ಅವರವೂ ಹೌದು. ಬೇಕರಿಯಲ್ಲಿ ಕೂತು ಯಾರ ಹತ್ತಿರವೂ ಹೇಳಿಕೊಳ್ಳದೆ ಅವರೂ ಒಳಗೊಳಗೆ ನೊಂದಿರಬಹುದು, ಒರಟು ಮಾತು ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಹಾಗಂತ ಆ ಮಾತು ಸಹಿಸಿಕೊಂಡಿರಿ ಅಂತಲ್ಲ.

ಮೊದಲು ಇಬ್ಬರ ಕ್ಯಾರಿಯೋಟೈಪ್, ಅವರ ಡಿಎಫ್‌ಐ, ಆಂಡ್ರಾಲಜಿಸ್ಟ್ ಹತ್ತಿರ ಒಂದು ಭೇಟಿ, ಅವರ ಶುಗರ್ ಮತ್ತು ಬಿಪಿ ಚೆಕ್. ಆಮೇಲೆ ಮೂರು ತಿಂಗಳು ಸಿಗರೇಟ್ ಬಿಟ್ಟು, ಓವನ್‌ನಿಂದ ದೂರ ಇದ್ದು, ನಡೆದು ಸ್ವಲ್ಪ ತೂಕ ಇಳಿಸಿ, ಡಿಎಫ್‌ಐ ಜಾಸ್ತಿ ಬಂದಿದ್ದರೆ ಮತ್ತೆ ನೋಡಿಸಿ. ನಿಮಗೆ 30 ಆದ್ದರಿಂದ ಈ ಮೂರು ತಿಂಗಳು ಕಾಯಬಹುದು, 38 ಆಗಿದ್ದರೆ ಕಾಯಿರಿ ಅನ್ನುತ್ತಿರಲಿಲ್ಲ. ಮಧ್ಯೆ ಬಸಿರಾದರೆ ಗಾಬರಿಯಾಗಬೇಡಿ, ಆರೂವರೆ ಏಳು ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಿ, ಆಮೇಲೆ ವಾರ ಎರಡು ವಾರಕ್ಕೊಮ್ಮೆ ಅದೇ ಡಾಕ್ಟರನ್ನು ನೋಡಿ. ಮೂರು ಸಲ ಹೋಗಿ, ಕಾರಣ ಸಿಗದೇ ಇದ್ದ ನಿಮ್ಮ ವಯಸ್ಸಿನವರಲ್ಲಿ ಹತ್ತರಲ್ಲಿ ಆರೇಳು ಮಂದಿಗೆ ಮುಂದಿನ ಗರ್ಭ ನಿಂತು ಮಗುವಾಗುತ್ತದೆ, ವಿಶೇಷ ಔಷಧಿ ಏನೂ ಇಲ್ಲದೆ. ಡಾಕ್ಟರ್ ಹತ್ತಿರ ಹೋಗುವಾಗ ಮೂರೂ ಸಲದ ಸ್ಕ್ಯಾನ್ ರಿಪೋರ್ಟ್, ಅವರ ಹಳೆಯ ವೀರ್ಯ ಪರೀಕ್ಷೆಯ ಹಾಳೆ, ಅವರು ತಗೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ.